ಬೆಟ್ಟಕ್ಕೆ ಎಣ್ಣೆಗಿಂತ ಮೊದಲು ಬರುವ ರಸ್ತೆ: ಪೆಟ್ರೋಲಿಯಂ ಸಚಿವರಿಗೊಂದು ಬಹಿರಂಗ ಪತ್ರ

ಕೇಂದ್ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಖಾತೆಯ ಮಾನ್ಯ ಸಚಿವರಿಗೆ, ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದ ಅಧಿಕಾರಿಗಳಿಗೆ, ಹಾಗೂ ಈ ವಿಷಯವನ್ನು ಸಂಸತ್ತಿನಲ್ಲಿ ಎತ್ತಬಲ್ಲ ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ಗುಡ್ಡಗಾಡಿನಲ್ಲಿ ತೈಲ ಹುಡುಕಲು ತಾವು ಕೊಡುವ ಪರವಾನಗಿಯಲ್ಲಿ, ಆ ಗುಡ್ಡಕ್ಕೆ ಕಡಿಯಬೇಕಾದ ರಸ್ತೆಯನ್ನು ಪ್ರತ್ಯೇಕ ವಿಷಯವಾಗಿ ಪರಿಗಣಿಸಬೇಕು. ಮೊದಲ ಬಾವಿ ಕೊರೆಯುವುದಕ್ಕೂ ಮುನ್ನವೇ ಆ ರಸ್ತೆಯ ಬಗ್ಗೆ ಅಲ್ಲಿನ ಊರುಗಳ ಜನರ ಮುಂದೆ ವಿಚಾರಣೆ ನಡೆಯಬೇಕು. ಎಣ್ಣೆ ಸಿಗಲಿ ಬಿಡಲಿ, ಅದನ್ನು ಮುಚ್ಚುವುದಕ್ಕೆ ಅಥವಾ ಕಾಪಾಡುವುದಕ್ಕೆ ಬೇಕಾದ ಹಣವನ್ನು ಕಂಪನಿ ಮುಂಚಿತವಾಗಿಯೇ ಠೇವಣಿ ಇಡಬೇಕು. ಇಷ್ಟನ್ನು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಎಣ್ಣೆಯ ಹನಿಯೂ ಇಲ್ಲದ ಚಿತ್ರದುರ್ಗದವರಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನಮ್ಮ ಕೋಟೆಯ ಬಂಡೆಗಳೂ ಅವುಗಳ ಅಕ್ಕಪಕ್ಕದ ಹಸಿರುಕಲ್ಲಿನ ಬೆಟ್ಟಸಾಲೂ ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಳೆಯವು. ಭೂಗರ್ಭದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮರುರೂಪ ಪಡೆದ ಅವುಗಳಲ್ಲಿ ತೈಲ ಹುಟ್ಟುವುದೂ ಇಲ್ಲ, ನಿಲ್ಲುವುದೂ ಇಲ್ಲ. ಆದರೆ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಈಶಾನ್ಯದ ಬೆಟ್ಟಗಳಲ್ಲಿ, ನೆಲದಡಿಯ ಪದರಗಳನ್ನು ಕಂಪನದ ಅಲೆಗಳಿಂದ ಗುರುತಿಸುವ ಸೈಸ್ಮಿಕ್ ಸರ್ವೆ ತಂಡಗಳಲ್ಲಿಯೂ ಬಾವಿ ಕೊರೆಯುವ ಯಂತ್ರಗಳಾದ ರಿಗ್‌ಗಳಲ್ಲಿಯೂ ದುಡಿಯುತ್ತಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ನೆಲದಡಿಯ ಸಂಪತ್ತಿಗಾಗಿ ಬೆಟ್ಟ ಹತ್ತುವವರು ಮೊದಲು ಏನು ಮಾಡುತ್ತಾರೆ, ಕೊನೆಗೆ ಏನನ್ನು ಬಿಟ್ಟು ಹೋಗುತ್ತಾರೆ ಎಂಬುದನ್ನು ನೋಡಿದ ಜಿಲ್ಲೆ ನಮ್ಮದು. ಇಂಗಳದಾಳದ ತಾಮ್ರ, ಹೊಳಲ್ಕೆರೆ ಹೊಸದುರ್ಗ ಭಾಗದ ಕಬ್ಬಿಣ, ಜೋಗಿಮಟ್ಟಿ ಸಾಲಿನ ಗಾಳಿಯಂತ್ರ, ಇವು ಮೂರೂ ಬೇರೆ ಬೇರೆ ಕಾಲದಲ್ಲಿ ಬಂದವು. ಮೂರಕ್ಕೂ ಮುಂಚೆ ಬಂದದ್ದು ರಸ್ತೆ.

ತೈಲಶೋಧನೆಯೇ ಬೇಡ ಎನ್ನುವವನು ನಾನಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇಕಡ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿರುವಾಗ, ಸ್ವಂತ ನೆಲದಲ್ಲಿ ಏನಿದೆ ಎಂದು ತಿಳಿಯುವ ಪ್ರಯತ್ನವನ್ನು ತಪ್ಪೆನ್ನಲಾಗದು. 2016ರಲ್ಲಿ ಜಾರಿಗೆ ಬಂದ ಹೊಸ ಪರವಾನಗಿ ನೀತಿಯಡಿ ಕಂಪನಿಗಳು ತಮಗೆ ಬೇಕಾದ ಪ್ರದೇಶವನ್ನು ತಾವೇ ಗುರುತಿಸಿ ಬಿಡ್ ಮಾಡಬಹುದಾಗಿದೆ. ಅದೇ ವರ್ಷ ಆರಂಭವಾದ ರಾಷ್ಟ್ರೀಯ ಸೈಸ್ಮಿಕ್ ಕಾರ್ಯಕ್ರಮ ಅದುವರೆಗೆ ಸರ್ವೆ ಕಾಣದ ಜಾಗಗಳಿಗೂ ಹೋಯಿತು. ಜಲಜಶಿಲೆಗಳು, ಅಂದರೆ ಮಣ್ಣು ಮರಳು ಪದರಪದರವಾಗಿ ಕುಳಿತು ಗಟ್ಟಿಯಾದ ಕಲ್ಲುಗಳು, ತುಂಬಿರುವ ದೇಶದ 26 ತಗ್ಗುಪ್ರದೇಶಗಳ ಪಟ್ಟಿಯಲ್ಲಿ ನಮ್ಮದೇ ರಾಜ್ಯದ ಭೀಮಾ ಕಲಾದಗಿ ಪ್ರದೇಶವೂ ಸೇರಿದೆ ಎಂಬುದನ್ನು, ಇದು ಯಾರದೋ ದೂರದವರ ವಿಷಯ ಎಂದುಕೊಳ್ಳುವ ಕನ್ನಡಿಗರ ಗಮನಕ್ಕೆ ತರುತ್ತೇನೆ.

ಬೆಟ್ಟಕ್ಕೂ ಎಣ್ಣೆಗೂ ನಂಟು ಹಳೆಯದು. ಪದರಪದರವಾಗಿ ಕುಳಿತ ಜಲಜಶಿಲೆಗಳನ್ನು ಭೂಫಲಕಗಳ ಚಲನೆ ಅದುಮಿದಾಗ ಅವು ಮಡಿಕೆಗಳಾಗಿ ಮೇಲೇಳುತ್ತವೆ. ಕೆಳಗಿನಿಂದ ಏರಿ ಬರುವ ತೈಲ ಕಮಾನಿನಂತಿರುವ ಆ ಮಡಿಕೆಗಳ ನೆತ್ತಿಯಲ್ಲಿ, ಮೇಲೆ ಬಿಗಿಯಾದ ಶಿಲೆಯ ಹೊದಿಕೆ ಇದ್ದರೆ, ಸಿಕ್ಕಿಬೀಳುತ್ತದೆ. ಇರಾನಿನ ಜಾಗ್ರೋಸ್ ಪರ್ವತಗಳಲ್ಲಿಯೂ, ಪಪುವಾ ನ್ಯೂಗಿನಿಯ ಸುಣ್ಣಕಲ್ಲಿನ ಎತ್ತರದ ನಾಡಿನಲ್ಲಿಯೂ, ಅಸ್ಸಾಮಿನ ಅಂಚಿನಿಂದ ನಾಗಾಲ್ಯಾಂಡ್, ತ್ರಿಪುರಾ, ಮಿಜೋರಾಂವರೆಗಿನ ಬೆಟ್ಟಸಾಲುಗಳಲ್ಲಿಯೂ ಹುಡುಕಾಟ ನಡೆದದ್ದು ಈ ಕಾರಣಕ್ಕೆ. ಆದರೆ ಎಣ್ಣೆಗೆ ಆಸರೆಯಾದ ಮಡಿಕೆಯೇ ಅದನ್ನು ಹುಡುಕುವವರ ಕಣ್ಣಿಗೆ ಮರೆಯೂ ಆಗುತ್ತದೆ. ಸೈಸ್ಮಿಕ್ ಸರ್ವೆಯಲ್ಲಿ ಸಣ್ಣ ರಂಧ್ರಗಳಲ್ಲಿ ಸ್ಫೋಟಕ ಸಿಡಿಸಿ, ಆಳದ ಪದರಗಳಿಂದ ಮರಳುವ ಅಲೆಗಳನ್ನು ನೆಲದ ಮೇಲೆ ಸಾಲಾಗಿ ನೆಟ್ಟ ಜಿಯೋಫೋನ್‌ಗಳಿಂದ ಹಿಡಿಯುತ್ತಾರೆ. ಬಯಲಿನಲ್ಲಿ ಈ ಕೆಲಸ ಸುಸೂತ್ರ. ಕಡಿದಾದ ಬೆಟ್ಟದಲ್ಲಿ ಸರ್ವೆಯ ಸಾಲು ನೇರವಾಗಿ ಸಾಗುವುದಿಲ್ಲ, ಒಂದು ಜಿಯೋಫೋನ್ ಕಣಿವೆಯಲ್ಲಿದ್ದರೆ ಮುಂದಿನದು ದಿಬ್ಬದ ಮೇಲಿರುತ್ತದೆ, ಮೇಲ್ಪದರದ ಸಡಿಲ ಮಣ್ಣಿನ ದಪ್ಪ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ, ಒಂದರ ಮೇಲೊಂದು ತಳ್ಳಿಕೊಂಡು ಬಂದ ಪದರಗಳು ಅಲೆಗಳನ್ನು ಚದುರಿಸುತ್ತವೆ. ಹೀಗಾಗಿ ಕೈಗೆ ಸಿಗುವ ಚಿತ್ರ ಮಸುಕು. ಮಸುಕಾದ ಚಿತ್ರ ನಂಬಿ ಕೊರೆದ ಬಾವಿ ಬರಿದಾಗುವ ಸಂಭವ ಹೆಚ್ಚು.

ನನ್ನ ವಾದ ನಿಂತಿರುವುದು ಈ ಮಾತಿನ ಮೇಲೆ. ಬರಿದಾದ ಬಾವಿಯನ್ನು ಸಿಮೆಂಟ್ ತುಂಬಿ ಮುಚ್ಚಬಹುದು. ಅದಕ್ಕೆ ನಿಯಮವಿದೆ, ಯಂತ್ರವಿದೆ, ವಿಧಾನವಿದೆ. ಆ ಬಾವಿಯವರೆಗೆ ನೂರಾರು ಟನ್ ತೂಕದ ರಿಗ್ಗನ್ನು ಬಿಡಿಬಿಡಿಯಾಗಿ ಹೊತ್ತು ತರಲು ಕಡಿದ ರಸ್ತೆ ಮಾತ್ರ ಅಲ್ಲೇ ಉಳಿಯುತ್ತದೆ. ಬೆಟ್ಟದ ರಸ್ತೆಯ ಅಗಲ, ಏರು, ತಿರುವುಗಳು ಯಾವಾಗಲೂ ಅದರ ಮೇಲೆ ಸಾಗಬೇಕಾದ ಅತಿ ಭಾರದ ಅಥವಾ ಅತಿ ಉದ್ದದ ಒಂದು ವಸ್ತುವಿನಿಂದ ನಿರ್ಧಾರವಾಗುತ್ತವೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಬರುವವರಿಗೆ ಬೆಟ್ಟದ ನೆತ್ತಿಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಅವುಗಳ ರೆಕ್ಕೆ ಮತ್ತು ಗೋಪುರದ ತುಂಡುಗಳು ಹೊರಳಲು ಎಷ್ಟು ಜಾಗ ಬೇಕೋ ಅಷ್ಟು ಬೆಟ್ಟ ಕರಗಿರುವುದು ಹೆದ್ದಾರಿಯಿಂದ ಕಾಣುವುದಿಲ್ಲ. ಯಂತ್ರ ನಿಲ್ಲಿಸಿ ಕ್ರೇನು ಹೋದ ಮೇಲೆ ಅಷ್ಟು ಅಗಲದ ರಸ್ತೆಯ ಕೆಲಸ ಮುಗಿಯಿತು, ಆದರೆ ಮಳೆನೀರು ಆ ರಸ್ತೆಯನ್ನೇ ಹಳ್ಳ ಮಾಡಿಕೊಂಡು ಹರಿಯುವುದು ಮುಗಿಯಲಿಲ್ಲ. ನಮ್ಮಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸಿನ ಮಳೆ. ಇಷ್ಟು ಮಳೆಗೇ ಜೋಗಿಮಟ್ಟಿಯ ಇಳಿಜಾರು ಕೊರೆದುಹೋಗುವುದಾದರೆ, ಇದರ ಮೂರು ಪಟ್ಟು ಮಳೆ ಸುರಿಯುವ, ಕಲ್ಲಿಗಿಂತ ಮಣ್ಣೇ ಹೆಚ್ಚಿರುವ ನಾಗಾಲ್ಯಾಂಡಿನ ಇಳಿಜಾರಿನ ಗತಿಯೇನು ಎಂದು ಊಹಿಸಲು ಭೂವಿಜ್ಞಾನದ ಪದವಿ ಬೇಕಿಲ್ಲ.

ಕಾನೂನಿನ ಸ್ಥಿತಿ ಹೇಗಿದೆ ನೋಡಿ. ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ನಿಯಮಗಳಿಗೆ 2020ರ ಜನವರಿಯಲ್ಲಿ ಪರಿಸರ ಸಚಿವಾಲಯ ಹೊರಡಿಸಿದ ತಿದ್ದುಪಡಿಯ ಪ್ರಕಾರ ತೈಲ ಮತ್ತು ಅನಿಲದ ಶೋಧನೆ ‘ಬಿ2’ ವರ್ಗಕ್ಕೆ ಇಳಿಯಿತು. ಈ ವರ್ಗದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಎಣ್ಣೆ ಸಿಕ್ಕು ಉತ್ಪಾದನೆಗೆ ಇಳಿಯುವ ಹಂತ ಮಾತ್ರ ‘ಎ’ ವರ್ಗದಲ್ಲಿ ಉಳಿಯಿತು. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ಬಂದ ತಿದ್ದುಪಡಿ, ಸೈಸ್ಮಿಕ್ ಸರ್ವೆಯೂ ಸೇರಿದಂತೆ ಶೋಧನೆಯ ಸರ್ವೆಗಳನ್ನು, ಕೇಂದ್ರ ಸರ್ಕಾರ ವಿಧಿಸುವ ಷರತ್ತುಗಳಿಗೆ ಒಳಪಟ್ಟು, ಕೇಂದ್ರದ ಪೂರ್ವಾನುಮತಿ ಬೇಕಾಗುವ ಅರಣ್ಯೇತರ ಚಟುವಟಿಕೆ ಎಂದು ಪರಿಗಣಿಸಬೇಕಿಲ್ಲ ಎಂದಿತು. ಶೋಧನೆ ಎಂದರೆ ಕೇವಲ ಪರೀಕ್ಷೆ, ನಿಜವಾದ ಹಾನಿ ಉತ್ಪಾದನೆಯ ಹಂತದಲ್ಲಿ ಎಂಬ ತಿಳಿವಳಿಕೆ ಈ ಎರಡೂ ತಿದ್ದುಪಡಿಗಳ ಹಿಂದಿದೆ. ಕಡಲಿನಲ್ಲಾಗಲಿ, ಈಗಾಗಲೇ ದಾರಿಗಳಿರುವ ಗುಜರಾತಿನ ಬಯಲಿನಲ್ಲಾಗಲಿ ಈ ಲೆಕ್ಕ ಸರಿಹೋಗಬಹುದು. ಬೆಟ್ಟದಲ್ಲಿ ಇದು ತಲೆಕೆಳಗು: ಮೊದಲ ಶೋಧನಾ ಬಾವಿಗೆ ರಿಗ್ಗು ತಲುಪುವ ಹೊತ್ತಿಗೇ ರಸ್ತೆ ಕಡಿದಾಗಿರುತ್ತದೆ, ರಿಗ್ ನಿಲ್ಲಿಸಲು ಗುಡ್ಡದ ತಲೆ ಸಪಾಟಾಗಿರುತ್ತದೆ, ಬಗೆದ ಮಣ್ಣು ಕಣಿವೆಗೆ ಉರುಳಿರುತ್ತದೆ. ಆಮೇಲೆ ಎಣ್ಣೆ ಸಿಕ್ಕು ಜನರ ಅಭಿಪ್ರಾಯ ಕೇಳಲು ಅಧಿಕಾರಿಗಳು ಬರುವುದಾದರೆ, ಅವರು ಬರುವುದೂ ಅದೇ ರಸ್ತೆಯಲ್ಲಿ.

ರಸ್ತೆಯನ್ನು ಪ್ರತ್ಯೇಕವಾಗಿ ಅಳೆಯುವುದು ಅಸಾಧ್ಯವೇನಲ್ಲ. 2011ರ ಜುಲೈಯಲ್ಲಿ ಬಳ್ಳಾರಿಯಲ್ಲಿಯೂ ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ತಮಗೆ ತಿಳಿದಿದೆ. ಬಳಿಕ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ ಗುತ್ತಿಗೆಯ ಗಡಿಯಾಚೆ ಚಾಚಿದ ಗಣಿಗುಂಡಿಗೆ ಒಂದು ಮಿತಿ, ಮಣ್ಣಿನ ರಾಶಿ ಮತ್ತು ರಸ್ತೆಗೆ ಇನ್ನೊಂದು ಮಿತಿ ಇಟ್ಟರು. ಮೊದಲನೆಯದು ಗುತ್ತಿಗೆ ವಿಸ್ತೀರ್ಣದ ಶೇಕಡ 10, ಎರಡನೆಯದು ಶೇಕಡ 15. ಮಿತಿ ಮೀರಿದವು ‘ಸಿ’ ವರ್ಗಕ್ಕೆ ಸೇರಿ, 2013ರ ಏಪ್ರಿಲ್ 18ರ ತೀರ್ಪಿನೊಂದಿಗೆ ಗುತ್ತಿಗೆಯನ್ನೇ ಕಳೆದುಕೊಂಡವು. ಅಂದರೆ ಗಣಿಯ ಹಾನಿಯೆಂದರೆ ಗುಂಡಿಯಷ್ಟೇ ಅಲ್ಲ ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಒಪ್ಪಿ, ರಸ್ತೆಯ ವಿಸ್ತೀರ್ಣವನ್ನೂ ಸರ್ವೆ ಮಾಡಿಸಿತು. ಭೀಮಸಮುದ್ರದ ಸುತ್ತಲಿನ ಅಡಿಕೆ ತೋಟದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅವರ ಗರಿಗಳ ಮೇಲೆ ಕುಳಿತ ಕೆಂಧೂಳು ಗಣಿಯ ಬಾಯಿಂದ ಬಂದದ್ದಕ್ಕಿಂತ ಅದಿರಿನ ಲಾರಿ ಓಡಿದ ದಾರಿಯಿಂದ ಬಂದದ್ದೇ ಹೆಚ್ಚು ಎಂದು ಅವರೇ ಹೇಳುತ್ತಾರೆ. ಈ ತಿಳಿವಳಿಕೆ ನಮಗೆ ಬಂದದ್ದು ಹಾನಿ ಆದ ಮೇಲೆ. ತೈಲದ ಬೆಟ್ಟಗಳಿಗೆ ಅದು ಮೊದಲೇ ಸಿಗಲಿ ಎಂಬುದಷ್ಟೇ ನನ್ನ ಕೋರಿಕೆ.

ಹೊರನಾಡುಗಳ ಅನುಭವವೂ ಇದೆ. ಇರಾನಿನ ಮಸ್ಜಿದ್ ಸುಲೇಮಾನಿನಲ್ಲಿ 1908ರ ಮೇ ತಿಂಗಳಲ್ಲಿ ಎಣ್ಣೆ ಚಿಮ್ಮುವುದಕ್ಕೆ ಮುನ್ನ, ಅಲ್ಲಿಗೆ ಕಡಿದ ರಸ್ತೆ ಭಾರಿ ಮಳೆಗೆ ಕೊಚ್ಚಿಹೋಗಿ ಕೆಲಸ ಹಿಂದೆ ಬಿದ್ದಿತ್ತು. ಮುಂದೆ ಅಬಾದಾನಿನವರೆಗೆ ಪೈಪ್‌ಲೈನ್ ಹಾಕುವಾಗ ಕೊಳವೆಗಳನ್ನು ಹೇಸರಗತ್ತೆಗಳಿಂದ ಎಳೆಸಬೇಕಾಯಿತು. ಪಪುವಾ ನ್ಯೂಗಿನಿಯ ಕುಟುಬುವಿನಲ್ಲಿ 1986ರಲ್ಲಿ ಎಣ್ಣೆ ಸಿಕ್ಕಾಗ ರಿಗ್ಗನ್ನು ಬಿಡಿಭಾಗಗಳಾಗಿ ಹೆಲಿಕಾಪ್ಟರಿನಲ್ಲಿ ಸಾಗಿಸಲಾಗಿತ್ತು. ಹೀಗೆ ಎತ್ತಿ ಸಾಗಿಸಲೆಂದೇ ತಯಾರಾದ ರಿಗ್‌ಗಳು ಜಗತ್ತಿನಲ್ಲಿ ಹಲವು ದಶಕಗಳಿಂದ ಇವೆ. ಒಂದೊಂದು ಹೊರೆಯೂ ಹೆಲಿಕಾಪ್ಟರ್ ಎತ್ತಬಲ್ಲ ಕೆಲವೇ ಟನ್ನಿನ ಮಿತಿಯಲ್ಲಿರುವಂತೆ ಅವುಗಳನ್ನು ಬಿಚ್ಚಬಹುದು. ಪೆರುವಿನ ಕಮಿಸಿಯಾ ಅನಿಲ ಕ್ಷೇತ್ರದಲ್ಲಿಯೂ ಕಾಡಿನೊಳಗೆ ರಸ್ತೆ ಹಾಕದೆ, ಕಡಲ ನಡುವಿನ ವೇದಿಕೆಯ ಹಾಗೆ, ನದಿ ಮತ್ತು ಆಕಾಶದ ಮೂಲಕವೇ ಕೆಲಸ ನಡೆಸಿದರು. ಆದರೆ ಅಲ್ಲಿಂದ ಆಂಡೀಸ್ ಪರ್ವತ ದಾಟಿ ಕಡಲಿಗೆ ಹೋಗುವ ಪೈಪ್‌ಲೈನ್ 2004ರಲ್ಲಿ ಶುರುವಾದ ಎರಡು ವರ್ಷದೊಳಗೆ ಐದು ಬಾರಿ ಒಡೆಯಿತು ಎಂಬುದನ್ನೂ ಹೇಳಲೇಬೇಕು. ರಸ್ತೆ ತಪ್ಪಿಸಿದ ಮಾತ್ರಕ್ಕೆ ಬೆಟ್ಟ ಸುಮ್ಮನಾಗುವುದಿಲ್ಲ. ಇಕ್ವಡಾರ್‌ನಲ್ಲಿ 1987ರ ಭೂಕಂಪವೂ, 2020ರ ಏಪ್ರಿಲ್‌ನಲ್ಲಿ ಕೋಕಾ ನದಿಯ ಕೊರೆತವೂ ಬೆಟ್ಟದ ಪೈಪ್‌ಲೈನ್‌ಗಳನ್ನು ತುಂಡರಿಸಿದವು. ಇಳಿಜಾರಿನಲ್ಲಿ ಏನನ್ನೇ ಹೂಳಿದರೂ ಅದರ ಕೆಳಗಿನ ನೆಲ ಸರಿಯಬಹುದು ಎಂಬ ಲೆಕ್ಕ ಇಟ್ಟುಕೊಂಡೇ ಹೊರಡಬೇಕು.

ಹೆಲಿಕಾಪ್ಟರ್ ದುಬಾರಿ, ಮಂಜು ಮುಸುಕಿದ ದಿನ ಅದು ಹಾರುವುದಿಲ್ಲ, ಎಂಬ ಉತ್ತರ ತಮ್ಮ ಕಚೇರಿಯಿಂದ ಬರಬಹುದು. ಒಪ್ಪುತ್ತೇನೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯೂ ಇದೆ. ಅದನ್ನು ನಾನೇ ಮುಂದಿಡುತ್ತೇನೆ. ಅಸ್ಸಾಮಿನ ಬಾಗ್ಜಾನ್‌ನಲ್ಲಿ 2020ರ ಮೇ 27ರಂದು ಬಾವಿಯೊಂದು ಹತೋಟಿ ತಪ್ಪಿ ಅನಿಲ ಚಿಮ್ಮತೊಡಗಿತು, ಜೂನ್ 9ರಂದು ಬೆಂಕಿ ಹತ್ತಿಕೊಂಡಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಬೆಂಕಿ ಪೂರ್ತಿ ಆರಿದ್ದು ನವೆಂಬರ್‌ನಲ್ಲಿ. ಅದು ಬಯಲು, ಅಲ್ಲಿಗೆ ರಸ್ತೆಯಿತ್ತು, ಪಂಪುಗಳನ್ನೂ ಭಾರದ ಉಪಕರಣಗಳನ್ನೂ ತರಬಹುದಿತ್ತು, ನೀರೂ ಹತ್ತಿರವಿತ್ತು. ರಸ್ತೆಯೇ ಇಲ್ಲದ ಬೆಟ್ಟದ ನೆತ್ತಿಯಲ್ಲಿ ಇಂಥದೇ ಅವಘಡವಾದರೆ ನೆರವು ತಲುಪುವುದು ಹೇಗೆ? ಆದ್ದರಿಂದ ಎಲ್ಲ ಬೆಟ್ಟಕ್ಕೂ ರಸ್ತೆ ನಿಷೇಧಿಸಿ ಎಂಬ ಕುರುಡು ನಿಯಮವನ್ನು ನಾನು ಕೇಳುತ್ತಿಲ್ಲ. ಕೆಲವು ಕಡೆ ರಸ್ತೆಯೇ ಸುರಕ್ಷಿತ ಮಾರ್ಗವಾಗಬಹುದು. ಇನ್ನು ಕೆಲವು ಕಡೆ ರಸ್ತೆಯಿರುವ ತಪ್ಪಲಿನಲ್ಲೇ ರಿಗ್ ನಿಲ್ಲಿಸಿ ಓರೆಯಾಗಿ ಕೊರೆದು ಬೆಟ್ಟದ ಒಡಲನ್ನು ತಲುಪಬಹುದು. ಒಂದೇ ಜಾಗದಿಂದ ಹಲವು ಬಾವಿಗಳನ್ನು ಹಲವು ದಿಕ್ಕಿಗೆ ಕಿಲೋಮೀಟರ್‌ಗಟ್ಟಲೆ ಚಾಚುವ ತಂತ್ರ ಇಂದು ತೈಲೋದ್ಯಮದಲ್ಲಿ ತೀರ ಸಾಮಾನ್ಯ. ಒತ್ತಡಕ್ಕೆ ಸಿಕ್ಕಿ ನುಚ್ಚಾದ ಪದರಗಳಲ್ಲಿ ಓರೆ ಬಾವಿಯ ಗೋಡೆ ಕುಸಿಯುವ ಅಪಾಯ ಇದ್ದೇ ಇದೆ ಎಂದು ನನ್ನ ವಿದ್ಯಾರ್ಥಿಗಳೇ ಎಚ್ಚರಿಸುತ್ತಾರೆ. ಯಾವ ಬೆಟ್ಟಕ್ಕೆ ಯಾವುದು ಎಂದು ತೂಗಿ ನೋಡುವ ಕೆಲಸ ಕಾಗದದ ಮೇಲೆ, ಲೆಕ್ಕ ಸಮೇತ, ಜನರ ಕಣ್ಣೆದುರು ಆಗಬೇಕು. ಇಂದು ಅದು ಗುತ್ತಿಗೆದಾರನ ಬುಲ್ಡೋಜರ್ ಬಂದ ದಿನ ತಾನಾಗಿಯೇ ಆಗಿಹೋಗುತ್ತದೆ.

ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಚಾಂಗ್‌ಪಾಂಗ್ ಇದಕ್ಕೆ ಮರೆಯಲಾಗದ ಉದಾಹರಣೆ. 1970ರ ದಶಕದಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು, 1981ರಲ್ಲಿ ತೆಗೆಯತೊಡಗಿದರು, 1994ರಲ್ಲಿ ವಿರೋಧದಿಂದಾಗಿ ಕೆಲಸ ನಿಂತಿತು. ನೆಲದ ಒಡೆತನ, ರಾಯಧನದ ಪಾಲು, ಸಂವಿಧಾನದ 371ಎ ವಿಧಿಯಡಿ ಭೂಮಿ ಮತ್ತು ಅದರ ಸಂಪನ್ಮೂಲದ ಮೇಲೆ ನಾಗಾ ಜನರಿಗಿರುವ ಹಕ್ಕು, ಇವೆಲ್ಲ ಅಲ್ಲಿನ ದೊಡ್ಡ ತಕರಾರುಗಳು. ಅವುಗಳ ಬಗ್ಗೆ ತೀರ್ಪು ಹೇಳಲು ನಾನು ಯಾರು? ಆದರೆ ಕೆಲಸ ನಿಂತ ಮೇಲೆ ಹಳೆಯ ಬಾವಿಗಳ ಸುತ್ತ ಎಣ್ಣೆ ಜಿನುಗಿ ಹೊಲ ಮತ್ತು ನೀರು ಕೆಟ್ಟವೆಂದು ಊರಿನವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು ಎಂಬ ಸಂಗತಿ, ಹೊರಡುವವರು ಹೇಗೆ ಹೊರಡಬೇಕು ಎಂಬುದನ್ನು ಬರುವಾಗಲೇ ಬರೆದಿಡದಿದ್ದರೆ ಏನಾಗುತ್ತದೆ ಎಂದು ತೋರಿಸುತ್ತದೆ.

ಹಣದ ಮಾತಿಗೆ ಬಂದರೆ ಇನ್ನೂ ಒಂದು ವಿಚಿತ್ರವಿದೆ. 2015ರಲ್ಲಿ ಗಣಿ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಹಳೆಯ ಗುತ್ತಿಗೆಯಾದರೆ ರಾಯಧನದ ಶೇಕಡ 30ರಷ್ಟು, ಹರಾಜಿನಲ್ಲಿ ಪಡೆದದ್ದಾದರೆ ಶೇಕಡ 10ರಷ್ಟು ಮೊತ್ತವನ್ನು ಗಣಿಯವರು ಹೆಚ್ಚುವರಿಯಾಗಿ ಬಾಧಿತ ಜಿಲ್ಲೆಗೆ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಆ ಹಣ ಹೇಗೆ ಖರ್ಚಾಗುತ್ತದೆ ಎಂಬುದು ಬೇರೆಯೇ ಜಗಳ, ಅದನ್ನು ಜಿಲ್ಲಾಧಿಕಾರಿಗಳ ಮುಂದೆ ಮಾಡುತ್ತೇವೆ. ಆದರೆ ಜಗಳವಾಡಲು ಒಂದು ನಿಧಿಯಾದರೂ ಇದೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಖನಿಜತೈಲಗಳನ್ನು ಹೊರಗಿಟ್ಟಿರುವುದರಿಂದ ತೈಲದ ಬೆಟ್ಟಗಳಿಗೆ ಈ ನಿಧಿಯೂ ಅನ್ವಯಿಸುವುದಿಲ್ಲ. ತೈಲಕ್ಕೆ ಇರುವುದು 1948ರ ತೈಲಕ್ಷೇತ್ರ ಕಾಯ್ದೆ. 2025ರಲ್ಲಿ ಸಂಸತ್ತು ಅದಕ್ಕೆ ತಿದ್ದುಪಡಿ ತಂದಾಗ ಹೂಡಿಕೆದಾರರಿಗೆ ನಿಶ್ಚಿತತೆ ಒದಗಿಸುವ ಮಾತು ಬಹಳ ಕೇಳಿಬಂತು. ಬೆಟ್ಟದ ಊರುಗಳಿಗೆ ಬೇಕಾದ ನಿಶ್ಚಿತತೆಯ ಮಾತು ಅಷ್ಟು ಕೇಳಿಸಲಿಲ್ಲ. ಬಾವಿ ಕೊರೆದ ಜಾಗದ ಪುನಶ್ಚೇತನಕ್ಕೆಂದು 1999ರಿಂದ ಒಂದು ನಿಧಿಯ ಯೋಜನೆ ಇದೆ ಎಂದು ಅಧಿಕಾರಿಗಳು ನೆನಪಿಸಬಹುದು. ಅದು ಎಣ್ಣೆ ತೆಗೆದು ಮಾರುವ ವ್ಯವಹಾರದಿಂದ ತುಂಬುವ ನಿಧಿ. ಬರಿದಾದ ಬಾವಿ ಬಿಟ್ಟು ಹೋಗುವವನಿಗೆ ಅಲ್ಲಿ ವ್ಯವಹಾರವೇ ಇರುವುದಿಲ್ಲ, ಬೆಟ್ಟದಲ್ಲಾದರೋ ಬರಿದಾಗುವ ಬಾವಿಗಳೇ ಹೆಚ್ಚು.

ಮೊದಲ ಬಾವಿಗಿಂತ ಮುಂಚಿನ ಠೇವಣಿಯನ್ನು ನಾನು ಕೇಳುತ್ತಿರುವುದು ಇದಕ್ಕೇ. ರಸ್ತೆಯ ಉದ್ದ, ಅದು ದಾಟುವ ಹಳ್ಳಕೊಳ್ಳಗಳು, ಬಗೆಯಬೇಕಾದ ಮಣ್ಣಿನ ಪ್ರಮಾಣ, ಆ ಮಣ್ಣನ್ನು ಹಾಕುವ ಜಾಗ, ಇಳಿಜಾರು ಜಾರದಂತೆ ಕಟ್ಟುವ ತಡೆಗೋಡೆ, ಕೊರೆಯುವಾಗ ಹೊರಬರುವ ಕಲ್ಲುಪುಡಿ ಮತ್ತು ರಾಸಾಯನಿಕ ಬೆರೆತ ಕೆಸರನ್ನು ಮಳೆಗಾಲದಲ್ಲೂ ಸೋರದಂತೆ ಹಿಡಿದಿಡುವ ಹೊಂಡ, ಇಷ್ಟನ್ನೂ ಅಂದಾಜು ಮಾಡಿದರೆ ಠೇವಣಿಯ ಮೊತ್ತ ತಾನಾಗಿಯೇ ತಿಳಿಯುತ್ತದೆ. ಕಂಪನಿ ಹೊರಟಾಗ ಊರಿನವರು ರಸ್ತೆ ತಮಗೆ ಬೇಕೆಂದರೆ ಆ ಹಣ ಅದರ ಚರಂಡಿ, ಮೋರಿಗಳ ನಿರ್ವಹಣೆಗೆ ಹೋಗಲಿ. ಬೇಡವೆಂದರೆ ಬೆಟ್ಟಕ್ಕೆ ಅದರ ಇಳಿಜಾರನ್ನು ಮರಳಿ ಕೊಡುವುದಕ್ಕೆ ಬಳಕೆಯಾಗಲಿ. ಬೇಕೆನ್ನುವವರೂ ಇರುತ್ತಾರೆ ಎಂಬುದನ್ನು ಮರೆಯಬಾರದು. ಆಸ್ಪತ್ರೆಗೆ ಡೋಲಿಯಲ್ಲಿ ಹೊತ್ತು ಸಾಗಿಸಬೇಕಾದ ಊರಿಗೆ ರಸ್ತೆ ಎಂದರೆ ಜೀವ. ಆದರೆ ಊರಿಗೆ ಬೇಕಾದ ರಸ್ತೆ ಊರಿನ ಮೂಲಕ ಹೋಗುತ್ತದೆ, ರಿಗ್ಗಿಗೆ ಬೇಕಾದದ್ದು ರಿಗ್ಗಿನ ಕಡೆಗೆ ಹೋಗುತ್ತದೆ. ಎರಡನ್ನೂ ಒಂದೇ ಮಾಡಬಹುದೇ ಎಂಬ ಪ್ರಶ್ನೆಯನ್ನು ನಕ್ಷೆ ಅಂತಿಮವಾಗುವ ಮುನ್ನ ಕೇಳಿದರೆ ಮಾತ್ರ ಉಪಯೋಗ.

ಇದಕ್ಕೆಲ್ಲ ಹೊಸ ಕಾಯ್ದೆಯೇ ಬೇಕೆಂದೇನಿಲ್ಲ. ಬಿಡ್ ಆಹ್ವಾನಿಸುವ ದಾಖಲೆಯಲ್ಲಿ ಗುಡ್ಡಗಾಡಿನ ಬ್ಲಾಕ್‌ಗಳಿಗೆ, ಅಂದರೆ ಶೋಧನೆಗೆ ಹಂಚುವ ಪ್ರದೇಶಗಳಿಗೆ, ಪ್ರತ್ಯೇಕ ಷರತ್ತು ಸೇರಿಸುವ ಅಧಿಕಾರ ತಮಗಿದೆ: ರಸ್ತೆ, ಹೆಲಿಕಾಪ್ಟರ್, ತಪ್ಪಲಿನಿಂದ ಓರೆ ಬಾವಿ ಎಂಬ ಮೂರು ಮಾರ್ಗಗಳ ತುಲನಾತ್ಮಕ ವರದಿಯನ್ನು ಅಲ್ಲಿನ ಭಾಷೆಯಲ್ಲಿ ಗ್ರಾಮಸಭೆ ಅಥವಾ ಗ್ರಾಮ ಮಂಡಳಿಯ ಮುಂದಿಡುವುದು, ಅವರ ಅಭಿಪ್ರಾಯವನ್ನು ಲಿಖಿತವಾಗಿ ದಾಖಲಿಸುವುದು, ಠೇವಣಿ ಕಟ್ಟಿದ ರಸೀದಿ ಇಲ್ಲದೆ ಯಂತ್ರ ಏರಿಸದಿರುವುದು. ಶೋಧನೆಯ ಹಂತದಲ್ಲಿ ಅಹವಾಲು ಸಭೆಯನ್ನು ಕೈಬಿಟ್ಟ 2020ರ ತಿದ್ದುಪಡಿಯಿಂದ ಕಡಿದಾದ ಇಳಿಜಾರಿನ ಪ್ರದೇಶಗಳನ್ನು ಹೊರಗಿಡುವಂತೆ ಪರಿಸರ ಸಚಿವಾಲಯಕ್ಕೆ ತಾವು ಬರೆಯಬಹುದು. ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಕೇಳಬೇಕಾದ ಪ್ರಶ್ನೆಯೂ ಸರಳವಾಗಿದೆ: 2016ರ ನೀತಿಯಡಿ ಹಂಚಿಕೆಯಾದ ಗುಡ್ಡಗಾಡಿನ ಬ್ಲಾಕ್‌ಗಳಲ್ಲಿ ಶೋಧನೆಗಾಗಿ ಇದುವರೆಗೆ ಎಷ್ಟು ಕಿಲೋಮೀಟರ್ ಹೊಸ ರಸ್ತೆ ಕಡಿಯಲಾಗಿದೆ, ಅದರಲ್ಲಿ ಎಷ್ಟು ಬರಿದಾದ ಬಾವಿಗಳಿಗೆ ಹೋಗುತ್ತದೆ, ಇಂದು ಅದನ್ನು ನೋಡಿಕೊಳ್ಳುತ್ತಿರುವವರು ಯಾರು? ಉತ್ತರವನ್ನು ಸದನದಲ್ಲಿ ಮಂಡಿಸಿದ ದಿನ ಅದರ ಪ್ರತಿಯನ್ನು ನಮ್ಮ ಜಿಲ್ಲಾ ಗ್ರಂಥಾಲಯಕ್ಕೂ ಕಳುಹಿಸಿಕೊಡಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಭೂವಿಜ್ಞಾನದ ನಿವೃತ್ತ ಅಧ್ಯಾಪಕ,
ಚಿತ್ರದುರ್ಗ